ಮನೆಗೆ ಅಲಾರಂ ಬಂದ ಬಗೆ

ಗಂಡಸರು ಗಲ್ಫ್‌ನಲ್ಲಿದ್ದು, ಉಮ್ಮ, ಹೆಂಡತಿ, ಮಕ್ಕಳು ಮಾತ್ರ ಇರುವ ಮನೆಗಳು ನಮ್ಮಲ್ಲಿ ಹಲವು. ಅಲ್ಲಿ ನಾವೇ ಅಲಾರಂ ಕೂರಿಸುವ ಮೊದಲು ಅದರ ಚರಿತ್ರೆ ತಿಳಿದಿರುವುದು ಒಳ್ಳೆಯದು.

1853ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಅಗಸ್ಟಸ್ ಪೋಪ್ ವಿದ್ಯುತ್ ಅಲಾರಂಗೆ ಪೇಟೆಂಟ್ ಪಡೆದರು. ಬಾಗಿಲು ತೆರೆದರೆ ಸರ್ಕಿಟ್ ಕೂಡಿ, ವಿದ್ಯುತ್ಕಾಂತದ ಬಲದಿಂದ ಗಂಟೆ ಬಾರಿಸುತ್ತಿತ್ತು. ಅದರ ಹಕ್ಕು ಕೊಂಡ ಎಡ್ವಿನ್ ಹೋಮ್ಸ್ ಅದನ್ನು ವ್ಯಾಪಾರವಾಗಿ ಬೆಳೆಸಿದರು.

ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಅವರ ಕಷ್ಟ ನಮಗೆ ಇನ್ನೂ ಹತ್ತಿರದ್ದು. ಎಷ್ಟೋ ಹೊತ್ತು ಮನೆಯಲ್ಲಿ ಒಬ್ಬರೇ. ಕರೆದರೆ ಪೊಲೀಸರು ಬರುವುದು ತಡ. ಎಲೆಕ್ಟ್ರಾನಿಕ್ಸ್ ಕೆಲಸ ಬಲ್ಲ ಗಂಡ ಆಲ್ಬರ್ಟ್ ಜೊತೆ 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1969ರಲ್ಲಿ ಅದು ಸಿಕ್ಕಿತು. ಬಾಗಿಲಲ್ಲಿ ಇಣುಕಿ ನೋಡುವ ನಾಲ್ಕು ತೂತು, ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಟಿವಿ, ಬಂದವರೊಡನೆ ಮಾತಾಡಲು ಮೈಕ್, ಕೂತಲ್ಲಿಂದಲೇ ಬಾಗಿಲು ತೆರೆಯಲು ಮತ್ತು ಅಲಾರಂ ಕೊಡಲು ಗುಂಡಿಗಳು.

ಇಂದಿನ ಬಾಗಿಲ ಸೆನ್ಸರ್ ಹೆಚ್ಚಾಗಿ ರೀಡ್ ಸ್ವಿಚ್. 1936ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು. ಚೌಕಟ್ಟಿಗೆ ಸ್ವಿಚ್, ಬಾಗಿಲಿಗೆ ಅಯಸ್ಕಾಂತ. ವಯರ್ ಎಳೆಯುವುದಾದರೆ, ಬಾಗಿಲು ಮುಚ್ಚಿದಾಗ ಸರ್ಕಿಟ್ ಕೂಡಿರುವಂತೆ ಜೋಡಿಸಬೇಕು. ಆಗ ಬಾಗಿಲು ತೆರೆದರೂ ಕೂಗುತ್ತದೆ, ವಯರ್ ಕತ್ತರಿಸಿದರೂ ಕೂಗುತ್ತದೆ.

ದುಬೈಯಲ್ಲಿರುವ ಫೋನಿಗೆ ಸುದ್ದಿ ಹೋದರಷ್ಟೇ ಸಾಲದು. ಬ್ರೌನ್ ಮಾಡಿದಂತೆ, ಗುಂಡಿ ಮನೆಯಲ್ಲಿರುವ ಹೆಂಗಸರ ಕೈಗೆ ಸಿಗುವಲ್ಲಿರಲಿ. ಸದ್ದು ನೆರೆಮನೆಗೂ ಕೇಳಲಿ.