ಮೀನಿನ ರೆಟಿನಾದಲ್ಲಿ ನರಕೋಶಗಳ ಅಲೆ: ಸರಣಿ ಪ್ರೇರಣೆಯ ವಾದಕ್ಕೊಂದು ಆಕ್ಷೇಪ

ಜೀಬ್ರಾ ಮೀನನ್ನು 1822ರಲ್ಲಿ ಗಂಗಾ ನದಿಯ ಮೀನುಗಳ ಕುರಿತ ಗ್ರಂಥದಲ್ಲಿ ಮೊದಲು ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ, 1800–01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿದ ಬುಕಾನನ್ನೇ. ಆ ಮೀನು ಇಂದು ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲೂ (ಎನ್‌ಸಿಬಿಎಸ್) ಇದೆ.

ಅದರ ಕಣ್ಣು ರೂಪುಗೊಳ್ಳುವ ಕ್ರಮದ ಬಗ್ಗೆ ತಕರಾರಿಲ್ಲ. ಮೊಟ್ಟೆ ಫಲಿತವಾದ ಸುಮಾರು 12 ಗಂಟೆಗೆ ಮುಮ್ಮೆದುಳಿನ ಎರಡೂ ಪಕ್ಕ ಉಬ್ಬುತ್ತದೆ. 24 ಗಂಟೆಗೆ ಆ ಉಬ್ಬು ಬಟ್ಟಲಾಗಿರುತ್ತದೆ. 28 ಗಂಟೆಯ ಹೊತ್ತಿಗೆ ಮೂಗಿನ ಕಡೆಯ ಕೆಳಭಾಗದಲ್ಲಿ, ಕಣ್ಣಿನ ಸೀಳಿಗೆ ಹತ್ತಿ, ಗ್ಯಾಂಗ್ಲಿಯಾನ್ ಎಂಬ ನರಕೋಶಗಳಾಗಲಿರುವ ಮೊದಲ ಕೋಶಗಳು ವಿಭಜನೆ ನಿಲ್ಲಿಸುತ್ತವೆ. ಅಲ್ಲಿಂದ ನರಕೋಶ ಹುಟ್ಟುವ ಅಲೆ ಮೇಲೇರಿ ಹಿಂಬದಿಗೆ ಹರಡುತ್ತದೆ.

ವಿವಾದ ಇರುವುದು ಈ ಅಲೆಯನ್ನು ಮುಂದೊತ್ತುವುದು ಯಾವುದು ಎಂಬಲ್ಲಿ. 2000ರಲ್ಲಿ ನ್ಯೂಮನ್ ಮತ್ತು ನ್ಯೂಸ್ಲೈನ್-ಫೋಲ್ಹಾರ್ಡ್, ಹುಟ್ಟಿದ ಕೋಶ ಸಾನಿಕ್ ಹೆಡ್ಜ್‌ಹಾಗ್ ಎಂಬ ಸಂಕೇತ ಪ್ರೋಟೀನನ್ನು ಸ್ರವಿಸಿ ನೆರೆಯ ಕೋಶವನ್ನು ಎಬ್ಬಿಸುತ್ತದೆ ಎಂದರು: ಪಂಜನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ. ಇದೇ ಸರಣಿ ಪ್ರೇರಣೆಯ ವಾದ. ಹೀಗೇ ಅಲೆ ಸಾಗುವ ಹಣ್ಣುನೊಣದ ಕಣ್ಣಿನ ಮಾದರಿ ಅವರ ಮುಂದಿತ್ತು. ಆ ಸಾಮ್ಯದ ಸೊಗಸೇ ವಾದಕ್ಕೆ ಅಗತ್ಯಕ್ಕಿಂತ ಹೆಚ್ಚು ಬಲ ಕೊಟ್ಟಿತೆಂದು ನನ್ನ ಅನಿಸಿಕೆ. 2005ರಲ್ಲಿ ಕೇ, ಲಿಂಕ್, ಬೈಯರ್ ಇದನ್ನು ನೇರವಾಗಿ ಪರೀಕ್ಷಿಸಿದರು. ಲಾಕ್ರಿಟ್ಸ್ ಎಂಬ ರೂಪಾಂತರಿ ಮೀನಿನಲ್ಲಿ ಗ್ಯಾಂಗ್ಲಿಯಾನ್ ಕೋಶಗಳೇ ಹುಟ್ಟುವುದಿಲ್ಲ. ಪಂಜು ಹಿಡಿಯುವವರೇ ಇಲ್ಲದ ಆ ಕಣ್ಣಿನಲ್ಲೂ, ಗ್ಯಾಂಗ್ಲಿಯಾನ್ ಕೋಶದ ಹುಟ್ಟಿಗೆ ಬೇಕಾದ ಆಥ್5 ವಂಶವಾಹಿ ಚಾಲೂ ಆಗುವ ಅಲೆ ಹರಡಿತು. ಬೇರೆಡೆಗೆ ಕಸಿಮಾಡಿದ ಕೋಶಗಳೂ ತಮ್ಮ ಮೂಲ ಜಾಗದ ವೇಳೆಯನ್ನೇ ಪಾಲಿಸಿದವು.

ಹಾಗಾಗಿ ಆಥ್5ರ ಮಟ್ಟಿಗಾದರೂ ಅಲೆ ನೆರೆಯವರಿಂದ ಬಂದದ್ದಲ್ಲ, ಪ್ರತಿ ಕೋಶಕ್ಕೂ ಮೊದಲೇ ಗೊತ್ತಾದ ಬೇರೆ ಬೇರೆ ವೇಳೆಗಳ ಸಾಲು ಎನ್ನಬಹುದು. 'ಮಟ್ಟಿಗಾದರೂ' ಎಂದದ್ದು ಬೇಕೆಂದೇ. ವಂಶವಾಹಿ ಚಾಲೂ ಆಗುವುದು ಬೇರೆ, ಕೋಶ ವಿಭಜನೆ ಬಿಟ್ಟು ನರಕೋಶವಾಗುವುದು ಬೇರೆ. ಎರಡನೆಯದಕ್ಕೆ ಹೆಡ್ಜ್‌ಹಾಗ್ ಬೇಕೆಂದು ಅದೇ ವರ್ಷ ಮಸಾಯಿ ತಂಡವೂ, ಷ್ಕುಮಟಾವಾ ಮತ್ತು ನ್ಯೂಮನ್ ಅವರೂ ತೋರಿಸಿದ್ದಾರೆ. ರೆಟಿನಾದ ಇನ್ನೊಂದು ಬಗೆಯ ನರಕೋಶಗಳಾದ ಅಮಾಕ್ರಿನ್ ಕೋಶಗಳೂ ಅದನ್ನು ಸ್ರವಿಸುವುದರಿಂದ, ಲಾಕ್ರಿಟ್ಸ್ ಕಣ್ಣನ್ನು ಹೆಡ್ಜ್‌ಹಾಗ್ ಇಲ್ಲದ ಕಣ್ಣು ಎನ್ನಲಾಗದು. ಕಣ್ಣಿನ ಕಾಂಡದಿಂದ ಬರುವ ಎಫ್‌ಜಿಎಫ್ ಸಂಕೇತವಿಲ್ಲದೆ ಅಲೆ ಶುರುವಾಗುವುದೂ ಇಲ್ಲ.

ವೇಳೆಯ ಪ್ರಶ್ನೆಯಾದ್ದರಿಂದ ಅಳತೆಯ ಬಗ್ಗೆ ಒಂದು ಮಾತು. ಮೇಲಿನ ಗಂಟೆಗಳೆಲ್ಲ 28.5 ಡಿಗ್ರಿ ಸೆಲ್ಸಿಯಸ್‌ನವು. ಮುಂಬೈನ ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ, ತಾಪ ನಿಯಂತ್ರಣವಿಲ್ಲದ ಮೇಜಿನ ಮೇಲೆ, ಜನವರಿಯ ತಂಪು ರಾತ್ರಿ ಕಳೆದ ಭ್ರೂಣಕ್ಕೆ ಗೋಡೆ ಗಡಿಯಾರದ 28 ಗಂಟೆ ಅನ್ವಯಿಸುವುದಿಲ್ಲ. ಅದರ ಬೆಳವಣಿಗೆ ಹಿಂದೆ ಬಿದ್ದಿರುತ್ತದೆ. ದೇಹಖಂಡಗಳನ್ನು ಎಣಿಸಿ, ಕಣ್ಣಿಗೆ ಕಪ್ಪು ಏರಿದ ಪ್ರಮಾಣ ನೋಡಿ ಹಂತ ಗೊತ್ತುಮಾಡದೆ ಎರಡು ಗುಂಪುಗಳ ಅಲೆಯನ್ನು ಹೋಲಿಸಬಾರದು.

ಕೋಶಗಳ ಈ ವೇಳೆ ಗೊತ್ತಾಗುವುದು ಭ್ರೂಣದ ಮಧ್ಯರೇಖೆಯಿಂದ ಬಹಳ ಮೊದಲೇ ಬಂದ ಸಂಕೇತದಿಂದ ಎನ್ನುವುದಾದರೆ, ಆ ಸಂಕೇತವನ್ನು ಅವು ಹಲವು ಗಂಟೆಗಳ ಕಾಲ ಯಾವ ರೂಪದಲ್ಲಿ ಕಾಯ್ದಿಡುತ್ತವೆ, ಮೂಗಿನ ಕಡೆಯವು ಹಿಂಬದಿಯವಕ್ಕಿಂತ ಬೇಗ ಎಚ್ಚರಗೊಳ್ಳಲು ಯಾವ ಅಣು ಕಾರಣ ಎಂಬುದನ್ನು ಈ ಪುರಾವೆಗಳು ತೀರ್ಮಾನಿಸುವುದಿಲ್ಲ.