ಗರಡಿಯ ಮಟ್ಟಿಯಿಂದ ಗಂಧದ ಗುಡಿಗೆ: ಎಂ. ಪಿ. ಶಂಕರ್



ನೀವು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಾಗಿದ್ದರೆ ಯುದ್ಧವನ್ನು ರಂಗದ ಮೇಲೆ ನೋಡಿಯೇ ಬೆಳೆದಿರುತ್ತೀರಿ. ಚಂಡೆಯ ಪೆಟ್ಟು ಬಿರುಸಾಗುತ್ತಿದ್ದಂತೆ ಅಭಿಮನ್ಯು ದಿಗಿಣ ಹಾರುತ್ತಾನೆ, ಮಂಡಿ ತಿರುಗುತ್ತಾನೆ. ಆದರೆ ಎದುರಿನ ವೇಷಧಾರಿಯ ಮೈಗೆ ಒಂದು ಏಟೂ ಬೀಳುವುದಿಲ್ಲ. ಯಕ್ಷಗಾನದ ಕಲಾವಿದ ಕುಣಿತವನ್ನು ಕಲಿತು ಅದರಿಂದ ಯುದ್ಧವನ್ನು ಕಾಣಿಸುತ್ತಾನೆ. ಇದಕ್ಕೆ ವಿರುದ್ಧವಾದ ದಾರಿಯೂ ಒಂದಿದೆ. ನಿಜವಾದ ಕಾಳಗವನ್ನೇ ಕಲಿತ ಒಬ್ಬ ಮನುಷ್ಯ ಅದನ್ನು ಬಿಟ್ಟು ಅಭಿನಯಕ್ಕೆ ಬಂದರೆ ಏನಾಗುತ್ತದೆ? ಅವನ ಮೈಯೇ ಅವನಿಗೆ ನೆರವಾಗುತ್ತದೆಯೋ, ಇಲ್ಲ ಅಡ್ಡಿಯಾಗುತ್ತದೆಯೋ?

ಹೊರನಾಡಿನ ಉದಾಹರಣೆ ಕೇಳಿದರೆ ನೀವು ತಕ್ಷಣ ಬ್ರೂಸ್ ಲೀಯ ಹೆಸರು ಹೇಳುತ್ತೀರಿ. (ಆತ ಹಾಂಗ್‌ಕಾಂಗಿನಲ್ಲಿ ಬಾಲನಟನಾಗಿದ್ದವನು, ಆಮೇಲೆ ಕುಂಗ್ ಫೂ ಕಲಿತವನು. ಇದನ್ನು ಬಹಳ ಜನ ಮರೆಯುತ್ತಾರೆ.) ಹಿಂದಿಯಲ್ಲಿ ದಾರಾಸಿಂಗ್ ಇದ್ದರು, 1987ರಲ್ಲಿ ದೂರದರ್ಶನದಲ್ಲಿ ಆರಂಭವಾದ ರಾಮಾಯಣ ಧಾರಾವಾಹಿಯ ಹನುಮಂತ ಅವರೇ. ನಮ್ಮ ಕನ್ನಡದಲ್ಲಿ ಆ ದಾರಿಯಲ್ಲಿ ನಡೆದವರು ಮೈಸೂರಿನ ಎಂ. ಪಿ. ಶಂಕರ್. ಅವರು ನಿರ್ಮಿಸಿದ ಒಂದು ಚಿತ್ರಕ್ಕೂ ಕಾಡಿನ ನಡುವೆ ಬದುಕುವ ನಿಮಗೂ ಒಂದು ಸಂಬಂಧವಿದೆ. ಅದರ ಮಾತಿಗೆ ಆಮೇಲೆ ಬರೋಣ.

ಮೈಸೂರು ಪುಟ್ಟಲಿಂಗಪ್ಪ ಶಂಕರ್ ಹುಟ್ಟಿದ್ದು 1935ರ ಆಗಸ್ಟ್ 20ರಂದು. ಆ ಕಾಲದ ಮೈಸೂರನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಅರಸರ ಊರು. ಬೀದಿಬೀದಿಗೆ ಎಂಬಂತೆ ಗರಡಿಮನೆಗಳು. ದಸರೆ ಬಂತೆಂದರೆ ಕುಸ್ತಿಯ ಜೋಡಿ ಕಟ್ಟುವುದೇ ಒಂದು ದೊಡ್ಡ ಸುದ್ದಿ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತಿತ್ತು. ಮೊದಲ ರಕ್ತದ ಹನಿ ಕಂಡೊಡನೆ ಅದು ಮುಗಿಯಬೇಕು. ಆ ಕಾಳಗ ಜೆಟ್ಟಿ ಮನೆತನಗಳಿಗೆ ಮೀಸಲು. ಗರಡಿಯ ಕುಸ್ತಿಯಾದರೋ ಊರಿನ ಎಲ್ಲ ಹುಡುಗರದು.

ಗರಡಿ ಎಂದರೆ ಬರಿಯ ವ್ಯಾಯಾಮಶಾಲೆಯಲ್ಲ. ನೆಲದಲ್ಲಿ ಹದ ಮಾಡಿದ ಕೆಮ್ಮಣ್ಣು. ಅದಕ್ಕೆ ‘ಮಟ್ಟಿ’ ಎನ್ನುತ್ತಾರೆ. ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆಯೇ ಒಳಗೆ ಕಾಲಿಡಬೇಕು. ಗೋಡೆಯ ಮೇಲೆ ಆಂಜನೇಯನ ಪಟ. ಮೂಲೆಯಲ್ಲಿ ಗದೆ, ಕಲ್ಲುಗುಂಡು. ಬೆಳಗಿನ ಜಾವಕ್ಕೆದ್ದು ದಂಡೆ, ಬಸ್ಕಿ ಹೊಡೆದು, ಆಮೇಲೆ ಪಟ್ಟುಗಳ ಅಭ್ಯಾಸ. ಉಸ್ತಾದರ ಮಾತೇ ಅಲ್ಲಿ ಶಾಸನ. ಊಟ, ನಿದ್ದೆ, ನಡತೆ ಎಲ್ಲಕ್ಕೂ ಲೆಕ್ಕವಿತ್ತು. ಉತ್ತರ ಕನ್ನಡದವರಿಗೆ ಇದು ತೀರ ಅಪರಿಚಿತವಲ್ಲ. ಯಲ್ಲಾಪುರಕ್ಕೆ ಹತ್ತಿರದ ಹಳಿಯಾಳ ಕುಸ್ತಿಗೆ ಹೆಸರಾದ ಊರು.

ಈ ಗರಡಿಯ ಶಿಸ್ತಿನಲ್ಲಿ ಬೆಳೆದ ಶಂಕರ್ ಕುಸ್ತಿಪಟುವಾಗಿಯೇ ಮೊದಲು ಹೆಸರು ಮಾಡಿದರು. ಪೈಲ್ವಾನನೊಬ್ಬ ಸಿನಿಮಾಕ್ಕೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಐವತ್ತು–ಅರವತ್ತರ ದಶಕದ ಕನ್ನಡ ಚಿತ್ರಗಳಲ್ಲಿ ಪೌರಾಣಿಕ, ಐತಿಹಾಸಿಕ, ಜಾನಪದ ಕಥೆಗಳೇ ಹೆಚ್ಚು. ಅಂಥ ಕಥೆಗಳಿಗೆ ರಾಕ್ಷಸರು ಬೇಕು, ಸೇನಾಪತಿಗಳು ಬೇಕು, ನಾಯಕನ ಕೈಯಲ್ಲಿ ಸೋಲಲು ಒಬ್ಬ ಮಲ್ಲ ಬೇಕು. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ರತ್ನಮಂಜರಿ’ (1962) ಶಂಕರ್ ಅವರಿಗೆ ಬಾಗಿಲು ತೆರೆಯಿತು.

ಇಲ್ಲಿ ಒಂದು ತೊಡಕನ್ನು ಗಮನಿಸಿ. ಕುಸ್ತಿಯ ಅಖಾಡದಲ್ಲಿ ಗೆದ್ದವನು ಗೆದ್ದ, ಸೋತವನು ಸೋತ. ಮೈಯ ಬಲಕ್ಕೆ ಅಲ್ಲಿ ಮರ್ಯಾದೆಯಿದೆ. ಸಿನಿಮಾದಲ್ಲಿ ಹಾಗಲ್ಲ. ಅಲ್ಲಿ ಬಲಿಷ್ಠನಾದವನು ಸೋಲಲೆಂದೇ ಬರುತ್ತಾನೆ. ಅವನು ಎಷ್ಟು ಬಲಿಷ್ಠನೋ ಅವನನ್ನು ಸೋಲಿಸಿದ ನಾಯಕನ ಹಿರಿಮೆ ಅಷ್ಟು ದೊಡ್ಡದು. ನಿಜವಾದ ಪೈಲ್ವಾನನೊಬ್ಬ ಕ್ಯಾಮೆರಾದ ಮುಂದೆ ಚಿತ್ ಆಗುವುದನ್ನು ಕಲಿಯಬೇಕು, ಅದೂ ನಂಬುವಂತೆ. ಎದುರಾಳಿಗೆ ಪೆಟ್ಟಾಗದಂತೆ ಹೊಡೆಯಬೇಕು, ಪೆಟ್ಟು ಬೀಳದಿದ್ದರೂ ಬಿದ್ದಂತೆ ಉರುಳಬೇಕು. ವರ್ಷಗಟ್ಟಲೆ ಮಟ್ಟಿಯಲ್ಲಿ ಕಲಿತದ್ದನ್ನು ಅರ್ಧ ಮರೆಯದೆ ಇದು ಬರುವುದಿಲ್ಲ. ಇಷ್ಟು ಮಾಡಿದರೂ ಅಂಥ ನಟ ‘ಗಟ್ಟಿ ಆಳು’ ಎಂಬ ಹಣೆಪಟ್ಟಿಯನ್ನು ದಾಟುವುದು ಕಷ್ಟ. ಮೈಯನ್ನು ನೋಡಿ ಪಾತ್ರ ಹಂಚುವ ಈ ಚಾಳಿ ಇಂದಿಗೂ ಹೋಗಿಲ್ಲ. ನಿಮ್ಮ ಯಲ್ಲಾಪುರ ತಾಲ್ಲೂಕಿನ ಸಿದ್ದಿ ಸಮುದಾಯದಿಂದ ರಂಗಭೂಮಿಗೆ, ಸಿನಿಮಾಕ್ಕೆ ಹೋಗುವ ಕಲಾವಿದರಿಗೂ ಇದೇ ಪ್ರಶ್ನೆ ಎದುರಾಗುತ್ತದೆ: ಇವರ ರೂಪವನ್ನಷ್ಟೇ ತೆರೆ ನೋಡುತ್ತದೆಯೋ, ಅಭಿನಯವನ್ನೂ ನೋಡುತ್ತದೆಯೋ?

ಶಂಕರ್ ಆ ಹಣೆಪಟ್ಟಿಯನ್ನು ದಾಟಿದ್ದು 1965ರಲ್ಲಿ. ಚಿತ್ರ ‘ಸತ್ಯಹರಿಶ್ಚಂದ್ರ’. ನಿರ್ದೇಶಕರು ಮತ್ತೆ ಹುಣಸೂರು ಕೃಷ್ಣಮೂರ್ತಿ, ಹರಿಶ್ಚಂದ್ರನಾಗಿ ಡಾ. ರಾಜಕುಮಾರ್. ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ನೀವು ಪಠ್ಯದಲ್ಲಿ ಓದಿರಬಹುದು. ಇಲ್ಲವೇ ಅದೇ ಕಥೆಯನ್ನು ಯಕ್ಷಗಾನದಲ್ಲಿ ನೋಡಿರಬಹುದು. ಸಾಲ ತೀರಿಸಲು ಹೆಂಡತಿ, ಮಗನನ್ನು ಮಾರಿದ ದೊರೆ ಕಡೆಗೆ ತನ್ನನ್ನೇ ಮಾರಿಕೊಂಡು ಸುಡುಗಾಡು ಕಾಯುತ್ತಾನೆ. ಅವನನ್ನು ಕೊಂಡವನು ಸ್ಮಶಾನದ ಒಡೆಯ ವೀರಬಾಹು. ಆ ವೀರಬಾಹು ಎಂ. ಪಿ. ಶಂಕರ್.

ಪಾತ್ರದ ಸ್ಥಾನವನ್ನು ಯೋಚಿಸಿ. ಸಮಾಜ ಯಾರನ್ನು ಊರಿನಾಚೆ ಇಟ್ಟಿತ್ತೋ ಅವನು ಇಲ್ಲಿ ಯಜಮಾನ. ಸೂರ್ಯವಂಶದ ಚಕ್ರವರ್ತಿ ಅವನ ಆಳು. ಆ ಪಾತ್ರವನ್ನು ಹಾಸ್ಯಕ್ಕೆ ಎಳೆಯುವುದು ಸುಲಭ, ಕ್ರೂರಿಯಾಗಿಸುವುದು ಇನ್ನೂ ಸುಲಭ. ಶಂಕರ್ ಅದಕ್ಕೆ ಒಂದು ನಲಿವನ್ನೂ ಗತ್ತನ್ನೂ ಕೊಟ್ಟರು. ಮಡಿವಂತಿಕೆಯನ್ನು, ಕುಲದ ಮೇಲು ಕೀಳನ್ನು ಪ್ರಶ್ನಿಸುವ ಒಂದು ಹಾಡು ಆ ಚಿತ್ರದಲ್ಲಿ ಅವರ ಪಾಲಿಗೆ ಬಂತು. ಹಾಡಿದವರು ಘಂಟಸಾಲ. ಹಾಡು ಇಂದಿಗೂ ಸಮಾರಂಭಗಳಲ್ಲಿ ಕೇಳಿಬರುತ್ತದೆ. ತೆರೆಯ ಮೇಲೆ ಅದಕ್ಕೆ ಮೈಯಾದವರು ಯಾರೆಂದು ಮಾತ್ರ ಅನೇಕರಿಗೆ ಹೊಳೆಯುವುದಿಲ್ಲ. ಅಷ್ಟು ದೊಡ್ಡ ದೇಹ ಅಷ್ಟು ಹಗುರವಾಗಿ ಕುಣಿಯುವುದನ್ನು ನೋಡಿದಾಗ ನನಗೆ ಅನ್ನಿಸುವುದು: ಗರಡಿ ಕಲಿಸುವುದು ಭಾರ ಎತ್ತುವುದನ್ನಲ್ಲ, ತನ್ನ ಭಾರವನ್ನು ತಾನು ಹೊರುವುದನ್ನು.

ಮುಂದೆ ಅವರು ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಎಲ್ಲವೂ ನೆನಪಿನಲ್ಲಿ ಉಳಿಯುವಂಥವಲ್ಲ. ಆದರೆ 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರವನ್ನು ಬಿಡುವಂತಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ಧಲಿಂಗಯ್ಯನವರ ನಿರ್ದೇಶನ. ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ವಿಷ್ಣುವರ್ಧನ್. ಶಂಕರ್ ಭೂತಯ್ಯ; ಊರನ್ನೇ ನಡುಗಿಸುವ ಜಮೀನ್ದಾರ. ಈ ಪಾತ್ರದ ಭಯ ಇರುವುದು ತೋಳಿನಲ್ಲಲ್ಲ. ಭೂಮಿಯ ಹಿಡಿತ ಯಾರ ಕೈಯಲ್ಲಿದೆಯೋ ಅವನು ಕೈ ಎತ್ತಬೇಕಾಗಿಲ್ಲ, ಸುಮ್ಮನೆ ನಡೆದು ಬಂದರೂ ಸಾಕು. ಕುಸ್ತಿಯನ್ನು ಕಸುಬಾಗಿ ಕಲಿತವನೇ ಕುಸ್ತಿಯಿಲ್ಲದ ಈ ಬಲವನ್ನು ಇಷ್ಟು ಚೆನ್ನಾಗಿ ತೋರಿಸಿದ್ದು ವಿಶೇಷ. ಭೂತಯ್ಯ ಕಥೆಯ ಆರಂಭದಲ್ಲೇ ಸಾಯುತ್ತಾನೆ. ಅವನು ಬಿತ್ತಿದ ದ್ವೇಷ ಕೋರ್ಟು ಕಚೇರಿಯಾಗಿ ಬೆಳೆದು ಮುಂದಿನ ತಲೆಮಾರನ್ನು ಸುಡುತ್ತದೆ.

ಚರಿತ್ರೆಯ ವಿದ್ಯಾರ್ಥಿಗಳಾಗಿ ಇನ್ನೊಂದು ಸಂಗತಿಯನ್ನೂ ನೋಡಿ. ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದೂ 1974ರಲ್ಲೇ, ಮಾರ್ಚ್ 1ರಂದು. ಉಳುವವನೇ ಹೊಲದೊಡೆಯ ಎಂಬ ಮಾತು ಮನೆಮನೆಗೆ ಬಂದ ಕಾಲ ಅದು. ಸಿದ್ದಾಪುರದ ಗಡಿಗೆ ತಾಗಿದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು 1951ರಲ್ಲಿ. ಗೇಣಿಯ ಅಳತೆ ಏನೆಂದು ತಿಳಿದಿದ್ದ ಪ್ರೇಕ್ಷಕರಿಗೆ ಭೂತಯ್ಯ ಬರಿಯ ಕಥೆಯ ಖಳನಾಗಿ ಕಾಣಿಸಿರಲಾರ.

ಈಗ ಮೊದಲು ಹೇಳಿದ ಸಂಬಂಧಕ್ಕೆ ಬರುತ್ತೇನೆ. ಶಂಕರ್ ಬರಿಯ ನಟರಾಗಿ ಉಳಿಯಲಿಲ್ಲ, ನಿರ್ಮಾಪಕರೂ ಆದರು. ನಿರ್ಮಾಪಕನಾದವನಿಗೆ ತನಗೆ ಬೇಕಾದ ಕಥೆಯನ್ನು ಹೇಳುವ ಸ್ವಾತಂತ್ರ್ಯ ಸಿಗುತ್ತದೆ. ಅವರು ಮತ್ತೆ ಮತ್ತೆ ಆರಿಸಿಕೊಂಡದ್ದು ಕಾಡನ್ನು. ‘ಕಾಡಿನ ರಹಸ್ಯ’ (1969), ‘ಮೃಗಾಲಯ’ (1986) ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಎಲ್ಲಕ್ಕಿಂತ ದೊಡ್ಡದು 1973ರ ‘ಗಂಧದ ಗುಡಿ’. ವಿಜಯ್ ನಿರ್ದೇಶನ, ರಾಜನ್–ನಾಗೇಂದ್ರ ಸಂಗೀತ. ಅರಣ್ಯಾಧಿಕಾರಿಯಾಗಿ ರಾಜಕುಮಾರ್, ಎದುರಿಗೆ ಆಗಿನ್ನೂ ಹೊಸಬರಾಗಿದ್ದ ವಿಷ್ಣುವರ್ಧನ್. ಕಳ್ಳಸಾಗಣೆಯವರಿಂದ ಕಾಡನ್ನು, ಕಾಡುಪ್ರಾಣಿಗಳನ್ನು ಉಳಿಸುವುದೇ ಕಥೆಯ ತಿರುಳು. 1979ರಲ್ಲಿ ಇದು ‘ಕರ್ತವ್ಯ’ ಎಂಬ ಹೆಸರಿನಲ್ಲಿ ಹಿಂದಿಗೂ ಹೋಯಿತು. ಅಲ್ಲಿ ನಾಯಕ ಧರ್ಮೇಂದ್ರ.

ಕಾಲವನ್ನು ಪಕ್ಕದಲ್ಲಿಟ್ಟು ನೋಡಿ. ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಹುಲಿ ಯೋಜನೆ ಆರಂಭವಾದದ್ದು 1973ರ ಏಪ್ರಿಲ್‌ನಲ್ಲಿ. ಮೊದಲ ಒಂಬತ್ತು ತಾಣಗಳಲ್ಲಿ ನಮ್ಮ ಬಂಡೀಪುರವೂ ಒಂದು. ಹಿಮಾಲಯದ ತಪ್ಪಲಿನಲ್ಲಿ ಚಿಪ್ಕೋ ಮೊಳೆತದ್ದೂ ಅದೇ ವರ್ಷ. ಪೇಟೆಯ ಜನಕ್ಕೆ ‘ಪರಿಸರ’ ಎಂಬ ಪದವೇ ರೂಢಿಯಲ್ಲಿರದ ಆ ದಿನಗಳಲ್ಲಿ ಮೈಸೂರಿನ ಒಬ್ಬ ಪೈಲ್ವಾನ್ ತನ್ನ ಹಣವನ್ನು ಕಾಡಿನ ಕಥೆಯ ಮೇಲೆ ಹಾಕಿದ.

ಆದರೆ ಮಲೆನಾಡಿನ ಕಣ್ಣಿನಿಂದ ನೋಡಿದಾಗ ಈ ಚಿತ್ರ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಇಲ್ಲಿನ ತೋಟಿಗರಿಗೆ ಸೊಪ್ಪಿನ ಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ. ಬ್ರಿಟಿಷರ ಕಾಲದಿಂದಲೂ ಬೆಟ್ಟದ ಹಕ್ಕಿಗಾಗಿ ಅರಣ್ಯ ಇಲಾಖೆಯೊಡನೆ ಜಗಳ ನಡೆದೇ ಇತ್ತು. ಖಾಕಿ ತೊಟ್ಟ ಗಾರ್ಡು ಅಜ್ಜಂದಿರ ಕಣ್ಣಿಗೆ ನಾಯಕನಾಗಿ ಕಂಡವನಲ್ಲ. ಗಂಧದ ಮರದ ಕಥೆಯೂ ಹಾಗೆಯೇ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ ಮೇಲೆ ಅದು ಮೈಸೂರು ಸೀಮೆಯಲ್ಲಿ ಸರಕಾರದ್ದೇ ಆಗಿ ಉಳಿಯಿತು. ತನ್ನ ಹಿತ್ತಿಲಲ್ಲಿ ಬೆಳೆದ ಗಂಧಕ್ಕೆ ರೈತ ಒಡೆಯನಾಗುವುದಕ್ಕೆ 2001ರ ಕಾನೂನು ತಿದ್ದುಪಡಿಯವರೆಗೂ ಕಾಯಬೇಕಾಯಿತು. ಚಿತ್ರದಲ್ಲಿ ಕಾಡಿನ ಶತ್ರು ಕಳ್ಳ, ರಕ್ಷಕ ಸರಕಾರ. ಸರಳವಾದ ಲೆಕ್ಕ.

ಹತ್ತು ವರ್ಷಗಳ ನಂತರ ಶಿರಸಿ ತಾಲ್ಲೂಕಿನಲ್ಲಿ ಆ ಲೆಕ್ಕ ತಲೆಕೆಳಗಾಯಿತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಗಂಡಸರು, ಹೆಂಗಸರು ಕಳಸೆಯ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಅಲ್ಲಿ ಮರ ಕಡಿಯುತ್ತಿದ್ದವರು ಕಳ್ಳರಲ್ಲ, ಇಲಾಖೆಯ ಅನುಮತಿಯೊಂದಿಗೇ ಬಂದವರು. ಅದೇ ಅಪ್ಪಿಕೋ ಚಳವಳಿ. ಅದಕ್ಕೆ ಕೆಲವೇ ವರ್ಷ ಮೊದಲು ಬೇಡ್ತಿ ನದಿಯ ಜಲವಿದ್ಯುತ್ ಯೋಜನೆಯ ವಿರುದ್ಧ ಯಲ್ಲಾಪುರ, ಶಿರಸಿಯ ಜನ ಎದ್ದು ನಿಂತಿದ್ದರು. ಇಲ್ಲಿ ಕಾಡನ್ನು ಕಾಯಲು ಪೈಲ್ವಾನನ ತೋಳು ಬೇಕಾಗಲಿಲ್ಲ. ಹಾಗೆಂದು ‘ಗಂಧದ ಗುಡಿ’ಯನ್ನು ಕಡಿಮೆ ಮಾಡಿ ನೋಡಬೇಕಿಲ್ಲ, ಕಾಡು ನಮ್ಮದು ಎಂಬ ಅಭಿಮಾನವನ್ನು ಆ ಚಿತ್ರ ಲಕ್ಷಾಂತರ ಜನಕ್ಕೆ ಹಾಡಿನ ಮೂಲಕ ಕಲಿಸಿತು. ಕಾಡು ಯಾರದು ಎಂಬ ಕಷ್ಟದ ಪ್ರಶ್ನೆಯನ್ನು ಮಾತ್ರ ಅದು ಕೇಳಲಿಲ್ಲ. ಅದನ್ನು ಕೇಳಿದವರು ಸಾಲ್ಕಣಿಯವರು.

1994ರಲ್ಲಿ ಶಂಕರ್ ‘ಗಂಧದ ಗುಡಿ’ಯ ಎರಡನೆಯ ಭಾಗವನ್ನೂ ನಿರ್ಮಿಸಿದರು, ನಾಯಕ ಶಿವರಾಜಕುಮಾರ್. ಆಮೇಲೆ ನಡೆದದ್ದು ಯಾವ ಚಿತ್ರಕಥೆಗಾರನೂ ಬರೆಯಲು ಅಳುಕುವಂಥದ್ದು. 2000ದ ಜುಲೈ 30ರಂದು ಗಂಧಚೋರ ವೀರಪ್ಪನ್ ರಾಜಕುಮಾರ್ ಅವರನ್ನೇ ಅಪಹರಿಸಿ 108 ದಿನ ಕಾಡಿನಲ್ಲಿಟ್ಟುಕೊಂಡ. ತೆರೆಯ ಮೇಲೆ ಗಂಧದ ಕಾಡನ್ನು ಕಾಯ್ದವರು ನಿಜಜೀವನದಲ್ಲಿ ಅದೇ ಗಂಧದ ಕಳ್ಳನ ಸೆರೆಯಾದರು. ಚಿತ್ರದ ಹೆಸರು ಮುಂದೆಯೂ ಬಾಳಿತು: ಪುನೀತ್ ರಾಜಕುಮಾರ್ ಕರ್ನಾಟಕದ ಕಾಡುಗಳಲ್ಲಿ ಅಲೆದ ಸಾಕ್ಷ್ಯಚಿತ್ರ, ಅವರು ತೀರಿಕೊಂಡ ಮರುವರ್ಷ, 2022ರಲ್ಲಿ, ಅದೇ ಹೆಸರಿನಿಂದ ಬಿಡುಗಡೆಯಾಯಿತು.

ಎಂ. ಪಿ. ಶಂಕರ್ 2008ರ ಜುಲೈ 17ರಂದು ಮೈಸೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 72 ವರ್ಷ. ಕಪ್ಪುಬಿಳುಪಿನ ‘ಸತ್ಯಹರಿಶ್ಚಂದ್ರ’ಕ್ಕೆ ಬಣ್ಣ ತುಂಬಿ ಮತ್ತೆ ತೆರೆಗೆ ತಂದದ್ದೂ ಅದೇ ವರ್ಷ.

ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುತ್ತದೆ, ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ. ಈ ಸಲ ಜಾತ್ರೆಗೆ ಮನೆಯ ಹಿರಿಯರೊಡನೆ ಹೋದಾಗ ‘ಗಂಧದ ಗುಡಿ’ಯನ್ನು ಅವರು ಎಲ್ಲಿ ನೋಡಿದರು, ಯಾರ ಜೊತೆ ನೋಡಿದರು ಎಂದು ಕೇಳಿ. ಅರಣ್ಯಾಧಿಕಾರಿ ಗೆದ್ದಾಗ ಅವರೂ ಚಪ್ಪಾಳೆ ತಟ್ಟಿದರೇ, ಮರುದಿನ ಬೆಟ್ಟಕ್ಕೆ ಸೊಪ್ಪಿಗೆ ಹೋದಾಗ ಗಾರ್ಡನ್ನು ಕಂಡು ಅವರಿಗೆ ಏನನ್ನಿಸಿತು ಎಂಬುದನ್ನೂ ಕೇಳಿ ಬರೆದಿಡಿ.