ಗಾಜಿನ ಅಳತೆಯಿಂದ ಹುಟ್ಟಿದ ಅರಮನೆ

1850ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ವಿಶ್ವ ಪ್ರದರ್ಶನಕ್ಕೆಂದು ಒಂದು ಕಟ್ಟಡ ಬೇಕಾಗಿತ್ತು. ಸ್ಪರ್ಧೆಗೆ ಬಂದ 245 ವಿನ್ಯಾಸಗಳಲ್ಲಿ ಒಂದೂ ಸಮಿತಿಗೆ ಹಿಡಿಸಲಿಲ್ಲ. ಕೊನೆಗೆ ಸಮಿತಿಯೇ ಒಂದು ನಕ್ಷೆ ಬರೆಯಿತು: ಭಾರಿ ಗುಮ್ಮಟ, ಸುತ್ತ ಇಟ್ಟಿಗೆಯ ಗೋಡೆ. ಅದಕ್ಕೆ ಬೇಕಿದ್ದುದು ಸುಮಾರು ಒಂದೂವರೆ ಕೋಟಿ ಇಟ್ಟಿಗೆ. ಉದ್ಘಾಟನೆಯೋ 1851ರ ಮೇ 1ಕ್ಕೆ. ಅಷ್ಟು ಇಟ್ಟಿಗೆ ತಂದು, ಕಟ್ಟಿ, ಗಾರೆ ಒಣಗುವುದಕ್ಕೆ ಕಾಲವೆಲ್ಲಿತ್ತು?

ಆಗ ಮುಂದೆ ಬಂದವನು ಜೋಸೆಫ್ ಪ್ಯಾಕ್ಸ್‌ಟನ್. ಅವನು ವಾಸ್ತುಶಿಲ್ಪ ಕಲಿತವನಲ್ಲ. ಚಾಟ್ಸ್‌ವರ್ತ್‌ನ ಡ್ಯೂಕನ ತೋಟದ ಮೇಲ್ವಿಚಾರಕ. ಗಿಡಗಳಿಗೆ ಗಾಜಿನ ಮನೆಗಳನ್ನು ಕಟ್ಟಿಸುತ್ತಲೇ ಕಬ್ಬಿಣ, ಮರ, ಗಾಜುಗಳ ಸ್ವಭಾವ ಅರಿತಿದ್ದವನು.

ಅವನ ಲೆಕ್ಕ ಶುರುವಾದದ್ದು ಗಾಜಿನಿಂದ. ಬಳಸಿದ ಗಾಜಿನ ಹಲಗೆಯ ಉದ್ದ 49 ಅಂಗುಲ, ಅಗಲ 10 ಅಂಗುಲ. ಅಂಥ ಎರಡು ಹಲಗೆಗಳನ್ನು ಇಳಿಜಾರಾಗಿ ಜೋಡಿಸಿದರೆ 8 ಅಡಿ ಅಗಲದ ಒಂದು ಏಣು. ಮೂರು ಏಣು ಸೇರಿದರೆ 24 ಅಡಿ. ಅದೇ ಕಂಬದಿಂದ ಕಂಬಕ್ಕೆ ಅಂತರ. ಕಂಬಗಳು ಟೊಳ್ಳು, ಚಾವಣಿಯ ಮಳೆನೀರು ಅವುಗಳೊಳಗೇ ಇಳಿದುಹೋಗುತ್ತಿತ್ತು. ಚಾವಣಿಯ ನೀರಿನ ಕಾಲುವೆಗಳೇ ಹಳಿಗಳಾಗಿ, ಅವುಗಳ ಮೇಲೆ ಉರುಳುವ ಗಾಡಿಗಳಲ್ಲಿ ಕುಳಿತು ಕೆಲಸಗಾರರು ಗಾಜು ಕೂರಿಸಿದರು. ಗಾಡಿಗೆ ಹೊದಿಕೆ ಇದ್ದುದರಿಂದ ಮಳೆಯಲ್ಲೂ ಕೆಲಸ ನಿಲ್ಲಲಿಲ್ಲ. ಒಂದು ವಾರದಲ್ಲಿ 80 ಮಂದಿ 18,000ಕ್ಕೂ ಹೆಚ್ಚು ಹಲಗೆ ಕೂರಿಸಿದ ದಾಖಲೆಯಿದೆ.

ಇದು ಒಬ್ಬನ ಪ್ರತಿಭೆಯಷ್ಟೇ ಅಲ್ಲ. ಗುತ್ತಿಗೆ ಹಿಡಿದ ಫಾಕ್ಸ್ ಹೆಂಡರ್ಸನ್ ಸಂಸ್ಥೆಯ ಚಾರ್ಲ್ಸ್ ಫಾಕ್ಸ್ ಕೆಲಸದ ನಕ್ಷೆಗಳನ್ನು ತಾನೇ ಕೂತು ಬರೆದ. ಯಾವ ತುಂಡು ಮೊದಲು ಏಳಬೇಕು, ಯಾವುದಕ್ಕೆ ಯಾವುದು ಆಧಾರ ಎಂಬುದು ಬರೆಯುವ ಕೈಗೇ ಗೊತ್ತಿತ್ತು. ಒಂದೇ ಅಳತೆಯ ತುಂಡುಗಳು ಕಾರ್ಖಾನೆಯಿಂದ ಬಂದು ನಿಂತಲ್ಲೇ ಜೋಡಣೆಯಾದವು. ಪಾರ್ಕಿನ ಹಳೆಯ ಎಲ್ಮ್ ಮರಗಳನ್ನು ಕಡಿಯದೆ ಅವುಗಳ ಮೇಲೆ ಕಮಾನಿನ ಚಾವಣಿ ಎತ್ತಿದರು. ಒಂಬತ್ತು ತಿಂಗಳ ಆಸುಪಾಸಿನಲ್ಲಿ ಅರಮನೆ ಸಿದ್ಧವಾಯಿತು. ಪ್ರದರ್ಶನ ಮುಗಿದ ಮೇಲೆ ಬಿಚ್ಚಿ, ಸಿಡನ್‌ಹ್ಯಾಮ್‌ನಲ್ಲಿ ಇನ್ನೂ ದೊಡ್ಡದಾಗಿ ಮತ್ತೆ ಕಟ್ಟಿದರು; 1936ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು.

1889ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಲಾಲ್‌ಬಾಗ್ ಗಾಜಿನ ಮನೆಗೂ ಈ ಅರಮನೆಯೇ ಸ್ಫೂರ್ತಿ. ಆದರೆ ಅದರ ರೂಪದಷ್ಟು ಸುಲಭವಾಗಿ ಅದರ ಪಾಠ ನಮ್ಮಲ್ಲಿ ಬೇರೂರಿಲ್ಲ. ನಕ್ಷೆ ಮುಗಿದು, ಟೆಂಡರ್ ಆಗಿ, ಕಂಬಿ ಕಟ್ಟುವ ಹೊತ್ತಿಗೆ ಮೇಸ್ತ್ರಿ ತಲೆ ಕೆರೆದುಕೊಳ್ಳುವುದು ಇಂದಿಗೂ ಹೊಸದಲ್ಲ. ಅವನು ಆಗ ಕೇಳುವ ಪ್ರಶ್ನೆಯನ್ನು ಪೆನ್ಸಿಲ್ ಹಿಡಿದಾಗಲೇ ಕೇಳಿಕೊಂಡಿದ್ದರಿಂದ ಆ ಅರಮನೆ ಹೇಳಿದ ದಿನಕ್ಕೆ ಬಾಗಿಲು ತೆರೆಯಿತು.